ಚುಕ್ಕಿರಾಯ ಕಂಡುಹಿಡಿದ ನಂಟು

ಹೆದರುವುದಕ್ಕೆ ಏನಾದರೂ ಕಾರಣ ಬೇಕು ಎಂದು ನಂಬಿರುವವರು ಚುಕ್ಕಿರಾಯನನ್ನು ಕಂಡವರಲ್ಲ. ಲಿಫ್ಟಿನಲ್ಲಿ ಒಬ್ಬನೇ ಹೋಗಲು ಅವನಿಗೆ ಭಯ, ನಡುವೆ ನಿಂತುಬಿಟ್ಟರೆ ಎಂದು. ಇನ್ನೊಬ್ಬರ ಜೊತೆ ಹೋಗಲೂ ಭಯ, ಅವರು ಮಾತಾಡಿಸಿಬಿಟ್ಟರೆ ಎಂದು. ಫೋನು ಬಂದರೆ ಯಾರೋ ಸತ್ತಿದ್ದಾರೆ ಎಂದುಕೊಳ್ಳುವನು; ಬರದಿದ್ದರೆ, ಸತ್ತದ್ದನ್ನು ತನ್ನಿಂದ ಮುಚ್ಚಿಟ್ಟಿದ್ದಾರೆ ಎಂದುಕೊಳ್ಳುವನು. ಇಂಥವನಿಗೆ ಸಿಕ್ಕಿದ್ದೂ ಎಂಥ ಕೆಲಸ? ಪ್ರತಿ ವರ್ಷ ಮುಗಿದುಹೋಗಿ, ದೊಡ್ಡ ಮೇಡಂ ಮನಸ್ಸು ಮಾಡಿದರೆ ಇನ್ನೊಂದು ವರ್ಷಕ್ಕೆ ಜೀವ ಪಡೆಯುವ ಕೆಲಸ.

ದೊಡ್ಡ ಮೇಡಂ ಸಂಶೋಧನಾಲಯದ ಮೂರನೇ ಮಹಡಿಯ ಒಡತಿ. ಅವರು ಪ್ರೋಟೀನುಗಳ ರಚನೆಯನ್ನು ಅಭ್ಯಾಸ ಮಾಡುವವರು. ಪ್ರೋಟೀನು ಅಂದರೆ ದೇಹ ಬೆಳೆಸುವವರು ಹಾಲಿಗೆ ಕಲಸಿ ಕುಡಿಯುವ ಡಬ್ಬಿಯ ಪುಡಿಯಲ್ಲ. ಅದು ಅಮೈನೋ ಆಮ್ಲದ ಮಣಿಗಳನ್ನು ಪೋಣಿಸಿದ ಒಂದು ಉದ್ದನೆಯ ಸರ. ಜೇಬಿನಲ್ಲಿ ಬಿಟ್ಟ ಇಯರ್‌ಫೋನ್ ವಯರಿನ ಹಾಗೆ ಆ ಸರ ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಉಂಡೆಯಾಗುತ್ತದೆ. ಉಂಡೆಯೊಳಗೆ ಯಾವ ಮಣಿ ಯಾವ ಮಣಿಗೆ ಹತ್ತಿರ ಬಂದು ಕೂತಿದೆ ಎಂದು ನೋಡುವುದು ಚುಕ್ಕಿರಾಯನ ಕೆಲಸ. ಪ್ರತಿ ಮಣಿ ಇರುವ ಜಾಗ ಕಂಪ್ಯೂಟರಿನ ಫೈಲಿನಲ್ಲಿ ಅಂಕಿಗಳಾಗಿ ಸಿಗುತ್ತದೆ. ಅವನು ಬರೆದ ಪ್ರೋಗ್ರಾಂ ಜೋಡಿ ಜೋಡಿಯಾಗಿ ಅಂತರ ಅಳೆದು, ಗೊತ್ತುಮಾಡಿದ ಮಿತಿಗಿಂತ ಹತ್ತಿರ ಇದ್ದರೆ ‘ಇವೆರಡಕ್ಕೂ ಸಂಪರ್ಕ ಇದೆ’ ಎಂದು ನಕ್ಷೆಯ ಮೇಲೆ ಒಂದು ಕರಿ ಚುಕ್ಕಿ ಇಡುತ್ತಿತ್ತು. ದಿನವೆಲ್ಲ ಚುಕ್ಕಿಗಳ ನಡುವೆಯೇ ಇರುತ್ತಿದ್ದ ಇವನಿಗೆ ಲ್ಯಾಬಿನವರು ಚುಕ್ಕಿರಾಯ ಎಂದು ಹೆಸರಿಟ್ಟರು. ಹೆಂಡತಿಯ ಅಪ್ಪ ಅದನ್ನು ಎಲ್ಲಿಂದಲೋ ಕೇಳಿ ತಿಳಿದು, ಮನೆಯಲ್ಲೂ ಚಾಲ್ತಿಗೆ ತಂದರು.

ಈ ಮಾವ ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಮುಖ ನೋಡಿದರೆ ಸಾಕು, ಜೇಬಿನಲ್ಲಿ ಟಿಕೆಟ್ ಇದೆಯೋ ಇಲ್ಲವೋ ಹೇಳಿಬಿಡುತ್ತೇನೆ ಎಂಬುದು ಅವರ ಹೆಮ್ಮೆ. ಮಗಳ ಮನೆಯಲ್ಲೇ ಇದ್ದ ಅವರಿಗೆ ಈಗ ನೋಡಲು ಉಳಿದಿದ್ದದ್ದು ಅಳಿಯನ ಮುಖ ಒಂದೇ.

ಎಲ್ಲ ಶುರುವಾಗಿದ್ದು ಷಡ್ಡಕ ಹೊಸ ಕಾರು ತೋರಿಸಲು ಬಂದ ದಿನ. ಷಡ್ಡಕ ಕಾರಿನ ಬಗ್ಗೆ ಹೇಳಿ ಮುಗಿಸಿ, ತನಗೆ ಸಿಕ್ಕ ಬಡ್ತಿಯ ಬಗ್ಗೆ ಹೇಳಿ ಮುಗಿಸಿ, ತಟ್ಟೆ ಮುಂದೆ ಕೂತ. ಮಾವ ಚುಕ್ಕಿರಾಯನ ಕಡೆ ತಿರುಗಿದರು.

“ಮತ್ತೆ ಅಳಿಯಂದಿರೇ, ತಾವಿವತ್ತು ಎಷ್ಟು ಚುಕ್ಕಿ ಇಟ್ರಿ?”

ಷಡ್ಡಕ ನೀರು ಕುಡಿಯುತ್ತಿದ್ದವನು ಮೂಗಿಗೆ ಏರಿಸಿಕೊಂಡು ನಕ್ಕ. ಹೆಂಡತಿ ತಲೆ ತಗ್ಗಿಸಿದಳು. ಬೇರೆ ದಿನವಾಗಿದ್ದರೆ ಚುಕ್ಕಿರಾಯನೂ ತಲೆ ತಗ್ಗಿಸುತ್ತಿದ್ದ. ಆದರೆ ಅವತ್ತು ಮಧ್ಯಾಹ್ನ ಅವನ ನಕ್ಷೆಯ ಒಂದು ಮೂಲೆಯಲ್ಲಿ ಇರಬಾರದ ಕಡೆ ಒಂಟಿ ಚುಕ್ಕಿ ಬಿದ್ದಿತ್ತು. ಸರದ ಈ ತುದಿಯ ಮಣಿ ಆ ತುದಿಯ ಮಣಿಯನ್ನು ಮುಟ್ಟಿದೆ ಎಂದು ಅದರ ಅರ್ಥ.

“ಒಂದೇ ಚುಕ್ಕಿ ಮಾವ,” ಎಂದ. “ಪ್ರಪಂಚದಲ್ಲಿ ಇದುವರೆಗೂ ಯಾರೂ ಇಡದೇ ಇದ್ದದ್ದು.”

ಅವನು ಹೇಳಿದ್ದು ಒಂದು ಮಾತು. ಮೇಲಿದ್ದ ಮನೆ ಓನರಮ್ಮನ ಮಹಡಿ ಹತ್ತುವಷ್ಟರಲ್ಲಿ ಅದು ಔಷಧಿಯಾಗಿತ್ತು. ಪಕ್ಕದ ಮನೆಯ ಜಿಮ್ ಮಾಸ್ತರನ್ನು ಮುಟ್ಟುವಷ್ಟರಲ್ಲಿ ಬಹುಮಾನವಾಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಮರುದಿನ ಚುಕ್ಕಿರಾಯ ಹೊರಗೆ ಕಾಲಿಟ್ಟರೆ ಜಿಮ್ ಮಾಸ್ತರು ಅಡ್ಡ ನಿಂತು, ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಂಡಿದರು.

“ಸಾರ್, ಪ್ರೋಟೀನಲ್ಲಿ ಏನೋ ಹೊಸದು ಕಂಡುಹಿಡಿದಿರಂತೆ. ನಮ್ಮ ಹುಡುಗರಿಗೆ ಮೊದಲು ಕೊಡಬೇಕು ನೀವು.”

ಕೈ ನೋವಿಗೆ ಚುಕ್ಕಿರಾಯ “ಆಯ್ತು ಆಯ್ತು” ಎಂದ.

ಅವನಿಗಿಂತ ಹೆಚ್ಚು ನಂಬಿದವರು ದೊಡ್ಡ ಮೇಡಂ. ಈ ಪ್ರೋಟೀನು ಕುದಿಯುವ ಬಿಸಿಯಲ್ಲೂ ಬಿಚ್ಚಿಕೊಳ್ಳುವುದಿಲ್ಲ. ಏಕೆ ಎಂದು ಅವರು ಬಹಳ ಕಾಲದಿಂದ ತಲೆ ಕೆಡಿಸಿಕೊಂಡಿದ್ದರು. ನಕ್ಷೆ ನೋಡಿದ್ದೇ ಮೇಜಿನ ಮೇಲೆ ಗುದ್ದಿದರು. “ನೋಡಿ, ತನ್ನ ಬಾಲ ತಾನೇ ಬಾಯಲ್ಲಿ ಕಚ್ಚಿಕೊಂಡಿದೆ! ಬಿಚ್ಚೋದು ಹೇಗೆ?” ಶುಕ್ರವಾರ ಪರಿಶೀಲನಾ ಸಮಿತಿ ಬರುವುದಿತ್ತು. ಅದರ ಮುಂದೆ ಇದನ್ನೇ ಹೇಳುವುದೆಂದು ನಿಶ್ಚಯಿಸಿ, ಬೇರೆ ಸಂಸ್ಥೆಯಿಂದ ಸಮಿತಿಗೆ ಬರಲಿದ್ದ ಹೊರಗಿನ ಪ್ರೊಫೆಸರಿಗೆ ನಕ್ಷೆಯನ್ನು ಆಗಲೇ ಕಳಿಸಿಬಿಟ್ಟರು. ಆಮೇಲೆ ಬಾಗಿಲಲ್ಲಿ ನಿಂತು, “ನಿಮ್ಮನ್ನ ಕಾಯಂ ಮಾಡೋ ವಿಷಯನೂ ಅವತ್ತೇ ಎತ್ತುತ್ತೀನಿ,” ಎಂದರು.

ಕಾಯಂ! ಚುಕ್ಕಿರಾಯ ಅವತ್ತು ಲಿಫ್ಟಿನಲ್ಲಿ ಒಬ್ಬನೇ ಇಳಿದ. ನಡುವೆ ನಿಂತುಬಿಟ್ಟರೆ ಎಂಬುದು ನೆನಪಾದದ್ದು ಕೆಳಗೆ ತಲುಪಿದ ಮೇಲೆ.

ಬುಧವಾರ ಮೇಡಂ ಒಂದು ಬಣ್ಣದ ಚಿತ್ರ ಕೇಳಿದರು. ಚುಕ್ಕಿರಾಯ ಫೈಲನ್ನು ಚಿತ್ರ ತೋರಿಸುವ ತಂತ್ರಾಂಶದಲ್ಲಿ ತೆರೆದ. ತೆರೆಯ ಮೇಲೆ ಒಂದು ಉಂಡೆ ಬರಬೇಕಾದಲ್ಲಿ ಎರಡು ಉಂಡೆ ಬಂದವು. ಒಂದು ಹಸಿರು, ಒಂದು ಹಳದಿ. ಅವನ ಈ ತುದಿಯ ಮಣಿ ಹಸಿರು ಉಂಡೆಯಲ್ಲಿತ್ತು. ಅದು ಮುಟ್ಟಿಕೊಂಡಿದ್ದ ಆ ತುದಿಯ ಮಣಿ ಹಳದಿಯದು.

ಹಾವು ತುಳಿದವನ ಹಾಗೆ ಅವನು ಕುರ್ಚಿಯಿಂದೆದ್ದ.

ಆಗಿದ್ದು ಇಷ್ಟು. ಪ್ರೋಟೀನು ಹರಳುಗಟ್ಟುವಾಗ ಅದರ ಅಣುಗಳು ಒಂದರ ಪಕ್ಕ ಒಂದು ಒತ್ತಿಕೊಂಡು ಕೂರುತ್ತವೆ. ಹಾಗಾಗಿ ಕೆಲವು ಫೈಲುಗಳಲ್ಲಿ ಒಂದೇ ಸರದ ಎರಡು ಪ್ರತಿಗಳಿರುತ್ತವೆ. ಎ ಎಂದು ಒಂದು, ಬಿ ಎಂದು ಇನ್ನೊಂದು. ಮಣಿಗಳ ನಂಬರು ಮಾತ್ರ ಎರಡರಲ್ಲೂ ಒಂದೇ. ಚುಕ್ಕಿರಾಯನ ಪ್ರೋಗ್ರಾಂ ನಂಬರು ಓದುತ್ತಿತ್ತು, ಅಕ್ಷರ ಓದುತ್ತಿರಲಿಲ್ಲ. ಪಕ್ಕದ ಅಣುವಿನ ಮಣಿ ತಾಗಿದ್ದನ್ನು ಅದು ಇದೇ ಅಣುವಿನ ಬಾಲ ಎಂದುಕೊಂಡಿತ್ತು. ಬಾಲ ಬಾಯಲ್ಲಿ ಇರಲಿಲ್ಲ. ಅದು ಇರಬೇಕಾದ ಕಡೆಯೇ ಇತ್ತು.

ಚುಕ್ಕಿರಾಯ ದೊಡ್ಡ ಮೇಡಂ ಕೋಣೆಗೆ ಹೋದ. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಇಳಿಸಿದ, ಎತ್ತಿದ, ಇಳಿಸಿದ. ಒಳಗಿನಿಂದ ಅವರೇ ಬಾಗಿಲು ತೆರೆದರು.

“ಏನ್ರೀ?”

“ಮೇಡಂ, ಆ ಸಂಪರ್ಕ...”

“ಅದ್ಭುತ! ರಾತ್ರಿ ನನಗೆ ನಿದ್ದೇನೇ ಬರಲಿಲ್ಲ. ನಿಮಗೆ?”

“ಇವತ್ತಿಂದ ಬರೋದಿಲ್ಲ ಮೇಡಂ,” ಎಂದ. ಅವರು ಅವನ ಬೆನ್ನು ತಟ್ಟಿ ಕಳಿಸಿದರು.

ಆ ರಾತ್ರಿಯೂ ಮರುದಿನವೂ ಮನೆಯಲ್ಲಿ ಅವನು ತಟ್ಟೆಯನ್ನು ನೋಡುತ್ತ ಕೂತ. ಬೆಲ್ ಆದರೆ ಬಚ್ಚಲಿಗೆ ಹೋಗಿ ನಿಂತ. ಫೋನನ್ನು ದಿಂಬಿನ ಕೆಳಗೆ ಹುಗಿದಿಟ್ಟ. ಹೆಂಡತಿ, “ರೀ, ಏನಾಯ್ತು ಹೇಳಿ,” ಎಂದು ಕೇಳಿ ಕೇಳಿ ಸಾಕಾಗಿ ಅಪ್ಪನನ್ನು ಕರೆದಳು. ಮಾವ ಕನ್ನಡಕ ಏರಿಸಿ ಅಳಿಯನ ಮುಖವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಮಗಳೇ, ಟಿಕೆಟ್ ಇಲ್ಲದೋನ ಮುಖ ನನಗೆ ಗೊತ್ತು. ಇದು ಅದಲ್ಲ. ಇದು ಜೇಬಿಗೆ ಯಾರೋ ಕೈ ಹಾಕ್ತಿದಾರೆ ಅಂತ ಗೊತ್ತಾಗಿಯೂ ಕೂಗೋಕೆ ಧೈರ್ಯ ಇಲ್ಲದೋನ ಮುಖ.” ನೌಕರಿ ಮಾಡಿದಷ್ಟು ಕಾಲ ಅವರು ಎಷ್ಟು ಜನ ನಿರಪರಾಧಿಗಳನ್ನು ಬಸ್ಸಿನಿಂದ ಇಳಿಸಿದ್ದಿರಬಹುದು ಎಂದು ಆಲೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. “ಅಳಿಯಂದಿರೇ, ನಿಮ್ಮ ಶೋಧ ಕದಿಯೋಕೆ ಯಾರೋ ಹಿಂದೆ ಬಿದ್ದಿದಾರೆ. ಹೌದೋ ಅಲ್ವೋ?”

ಅಲ್ಲ ಅಂದರೆ ಮತ್ತೇಕೆ ಹೆದರಿದೆ ಎಂದು ಹೇಳಬೇಕಾಗುತ್ತದೆ. ಹೌದು ಅಂದರೆ ಸುಳ್ಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಚುಕ್ಕಿರಾಯ ತಲೆಯನ್ನು ಒಂದು ತರಹ ಆಡಿಸಿದ. ಹೌದು ಎಂದವರಿಗೆ ಹೌದು, ಅಲ್ಲ ಎಂದವರಿಗೆ ಅಲ್ಲ. ಮಾವನಿಗೆ ಅದು ಹೌದು ಎಂದು ಕಂಡಿತು.

ಒಂದು ಗಂಟೆಯೊಳಗೆ ಮನೆ ಕೋಟೆಯಾಯಿತು. ಓನರಮ್ಮ ಮಹಡಿಯ ಕಿಟಕಿಯಲ್ಲಿ ಕುರ್ಚಿ ಹಾಕಿಕೊಂಡು ಬೀದಿ ಕಾಯಲು ಕೂತರು. ಬಾಡಿಗೆದಾರರು ಯಾರ್ಯಾರನ್ನು ಕರೆತರುತ್ತಾರೆ ಎಂದು ನೋಡಿ ನೋಡಿ ಅವರ ಕಣ್ಣು ಮೊದಲೇ ಪಳಗಿತ್ತು. ಜಿಮ್ ಮಾಸ್ತರು ಮೆಟ್ಟಿಲ ಬಳಿ ಬಸ್ಕಿ ಹೊಡೆಯುತ್ತ ಕಾವಲು ನಿಂತರು. ಮಾವ ತಮ್ಮ ಹಳೆಯ ಪರಿಚಯದ ಹೆಡ್ ಕಾನ್‌ಸ್ಟೇಬಲರನ್ನೇ ಕರೆತಂದರು.

ಪೊಲೀಸು! ಬಚ್ಚಲ ಕಡೆ ಹೊರಟ ಚುಕ್ಕಿರಾಯನನ್ನು ಮಾವ ಹಿಡಿದು ಕೂರಿಸಿದರು.

“ಸಾರ್ ಹೆದರಬೇಡಿ,” ಎಂದರು ಹೆಡ್ ಕಾನ್‌ಸ್ಟೇಬಲ್, ಹೆದರಿಸುವ ದನಿಯಲ್ಲಿ. “ದೂರು ಗೀರು ಬರಕೊಳ್ಳಲ್ಲ. ಬರಕೊಂಡ್ರೆ ನಂಗೇ ಕೆಲಸ. ಆಳು ಹೇಗಿದ್ದ ಅಷ್ಟು ಹೇಳಿ.”

“ಯಾವ ಆಳು?”

“ನೋಡಿದ್ರಾ ಎಷ್ಟು ಹೆದರಿಸಿದಾನೆ!” ಎಂದರು ಮಾವ.

“ಗಡ್ಡ ಇತ್ತಾ?” ಎಂದು ಹೆಡ್ ಕಾನ್‌ಸ್ಟೇಬಲ್ ಇನ್ನೂ ಹತ್ತಿರ ಬಂದರು.

ಆ ಹೊತ್ತಿಗೆ ಚುಕ್ಕಿರಾಯನ ಕಣ್ಣ ಮುಂದೆ ಇದ್ದದ್ದು ಒಂದೇ ಮುಖ. ಲ್ಯಾಬಿನ ನೋಟಿಸ್ ಬೋರ್ಡಿನಲ್ಲಿ ಸಮಿತಿಗೆ ಬರಲಿದ್ದ ಹೊರಗಿನ ಪ್ರೊಫೆಸರ ಫೋಟೋ ಅಂಟಿಸಿದ್ದರು. ಎರಡು ದಿನದಿಂದ ಅದರ ಮುಂದೆ ಹಾದುಹೋಗುವಾಗಲೆಲ್ಲ ಆ ಕಣ್ಣು ತನ್ನನ್ನೇ ನೋಡುತ್ತಿದೆ ಎಂದು ಅವನು ನಿಂತುಬಿಡುತ್ತಿದ್ದ.

“ಇತ್ತು. ಬಿಳಿ ಗಡ್ಡ.”

“ತಲೆ?”

“ಬೋಳು. ಬಲ ಹುಬ್ಬಿನ ಮೇಲೆ ಒಂದು ದೊಡ್ಡ ಮಚ್ಚೆ. ದುಂಡು ಕನ್ನಡಕ. ನೋಡಿದ್ರೆ... ನೋಡಿದ್ರೆ ಎಲ್ಲ ಗೊತ್ತು ಅನ್ನೋ ಥರ ನೋಡ್ತಾನೆ.”

“ಇಂಥ ವಿವರ ಕೊಟ್ಟ ಸಾಕ್ಷಿ ನನ್ನ ಸರ್ವೀಸಲ್ಲೇ ಸಿಕ್ಕಿರಲಿಲ್ಲ,” ಎಂದು ಹೆಡ್ ಕಾನ್‌ಸ್ಟೇಬಲ್ ಟೀ ಕುಡಿದು ಹೊರಟರು. ಅಷ್ಟರಲ್ಲಿ ಓನರಮ್ಮ, ಜಿಮ್ ಮಾಸ್ತರು, ಮಾವ ಮೂವರಿಗೂ ಆ ಚಹರೆ ಬಾಯಿಪಾಠವಾಗಿತ್ತು.

ಶುಕ್ರವಾರ ಚುಕ್ಕಿರಾಯ ಬೆಳಿಗ್ಗೆಯೇ ಒಂದು ತೀರ್ಮಾನಕ್ಕೆ ಬಂದ: ಬಾಯಿ ಬಿಡುವುದಿಲ್ಲ. ಯಾರಿಗೂ ಗೊತ್ತಾಗದೇ ಹೋಗಬಹುದು. ಸಮಿತಿಗಳು ಎಂದಾದರೂ ಏನನ್ನಾದರೂ ಓದಿದ್ದುಂಟೆ? ಕಾಯಂ ಆದ ಮೇಲೆ ನಿಧಾನಕ್ಕೆ, ಯಾವಾಗಲಾದರೂ, ಪ್ರೋಗ್ರಾಮಿಗೆ ಅಕ್ಷರ ಓದುವುದನ್ನು ಕಲಿಸಿದರಾಯಿತು. ಇದು ಅವನ ಜೀವಮಾನದ ಮೊದಲ ದಿಟ್ಟ ನಿರ್ಧಾರವಾಗಿತ್ತು. ಹೆದರಿಕೆಯಿಂದ ಹುಟ್ಟಿದ್ದು ಎಂಬುದನ್ನು ಬಿಟ್ಟರೆ ಅದರಲ್ಲಿ ಬೇರೆ ದೋಷವಿರಲಿಲ್ಲ.

ಸಭಾಂಗಣ ತುಂಬಿತ್ತು. ಸಮಿತಿಯವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೊರಗಿನ ಪ್ರೊಫೆಸರ ಕುರ್ಚಿ ಒಂದು ಖಾಲಿ. ಪರದೆಯ ಮೇಲೆ ಚುಕ್ಕಿರಾಯನ ಒಂಟಿ ಚುಕ್ಕಿ, ದೊಡ್ಡದು ಮಾಡಿದ್ದರಿಂದ ಹಪ್ಪಳದಷ್ಟು ಅಗಲವಾಗಿ ಕೂತಿತ್ತು. ದೊಡ್ಡ ಮೇಡಂ ಗಡಿಯಾರ ನೋಡಿದರು, ಬಾಗಿಲು ನೋಡಿದರು. “ಆಗಲೇ ಗೇಟಿನ ಹತ್ತಿರ ಬಂದಿದೀನಿ ಅಂತ ಫೋನ್ ಮಾಡಿದ್ರು. ಎಲ್ಲಿ ಹೋದ್ರು?”

ಚುಕ್ಕಿರಾಯನಿಗೆ ಒಂದು ಕ್ಷಣ ಹಾಯೆನಿಸಿತು. ಬಂದಿಲ್ಲ! ಮನುಷ್ಯ ಇನ್ನೊಬ್ಬನಿಗೆ ಸಣ್ಣ ಅಪಘಾತವಾಗಲಿ ಎಂದು ಹಾರೈಸುವುದು ಇಂಥ ಹೊತ್ತಿನಲ್ಲೇ.

ಅಷ್ಟರಲ್ಲಿ ಹಿಂದಿನ ಬಾಗಿಲು ದಢಾರನೆ ತೆರೆದುಕೊಂಡಿತು. ಓನರಮ್ಮ ಏದುಸಿರು ಬಿಡುತ್ತ ಒಳಗೆ ಬಂದು, ತುಂಬಿದ ಸಭೆಗೆ ಕೇಳುವಂತೆ ಕೂಗಿದರು:

“ಸಿಕ್ಕಿದ! ನಿಮ್ಮ ಕಳ್ಳ ಸಿಕ್ಕಿದ!”

ಅವರ ಹಿಂದೆ ಜಿಮ್ ಮಾಸ್ತರು. ಮಾಸ್ತರ ಕಂಕುಳಲ್ಲಿ, ಬಟ್ಟೆಯ ಗಂಟಿನ ಹಾಗೆ ಅದುಮಿಕೊಂಡ ಒಬ್ಬ ಮನುಷ್ಯ: ಬೋಳು ತಲೆ, ಬಿಳಿ ಗಡ್ಡ, ಹುಬ್ಬಿನ ಮೇಲೆ ಮಚ್ಚೆ. ದುಂಡು ಕನ್ನಡಕ ಒಂದು ಕಿವಿಯಿಂದ ಜೋತಾಡುತ್ತಿತ್ತು. ಕೊನೆಯಲ್ಲಿ ಮಾವ, ಪ್ರೊಫೆಸರ ಚೀಲವನ್ನು ಹೆಗಲಿಗೆ ಹಾಕಿಕೊಂಡು.

“ಅಳಿಯಂದಿರ ಕಾವಲಿಗೆ ಬೆಳಿಗ್ಗೆಯಿಂದ ಇಲ್ಲೇ ಗೇಟಲ್ಲಿದ್ವಿ. ಇವನು ಬಂದು ‘ಈ ನಕ್ಷೆ ಮಾಡಿದೋನು ಯಾರು, ಎಲ್ಲಿ ಕೂರ್ತಾನೆ, ಒಬ್ಬನೇ ಸಿಗ್ತಾನಾ’ ಅಂತ ವಿಚಾರಿಸ್ತಿದ್ದ!” ಎಂದರು ಮಾವ. “ಚೀಲದಲ್ಲಿ ಏನಿತ್ತು ಗೊತ್ತಾ? ನಮ್ಮ ಅಳಿಯಂದಿರ ನಕ್ಷೆ! ಮಾಲು ಸಮೇತ ಸಿಕ್ಕಿದಾನೆ.”

ದೊಡ್ಡ ಮೇಡಂ ಮುಖ ಸುಣ್ಣ ಬಳಿದ ಗೋಡೆಯಾಯಿತು.

“ಬಿಡ್ರೀ ಅವರನ್ನ! ಅವರು ಪ್ರೊಫೆಸರ್!”

“ಎಲ್ಲ ಕಳ್ಳರೂ ಏನೋ ಒಂದು ಆಗೇ ಇರ್ತಾರೆ ಮೇಡಂ,” ಎಂದರು ಜಿಮ್ ಮಾಸ್ತರು, ಹಿಡಿತ ಸಡಿಲಿಸದೆ. “ಸಾರೇ ಗುರುತು ಹೇಳಿದಾರೆ. ಹೇಳಿ ಸಾರ್, ಇವನೇ ತಾನೆ ನಿಮ್ಮನ್ನ ಹೆದರಿಸಿದ್ದು?”

ಎಲ್ಲರ ಕಣ್ಣೂ ಚುಕ್ಕಿರಾಯನ ಮೇಲೆ ಬಿತ್ತು. ಇಷ್ಟು ಜನ ಒಟ್ಟಿಗೆ ಅವನನ್ನು ನೋಡಿದ್ದು ಅವನ ಮದುವೆಯ ದಿನ ಮಾತ್ರ. ಅವತ್ತೂ ಅವನು ತಲೆ ಸುತ್ತಿ ಕೂತುಬಿಟ್ಟಿದ್ದ. ಈಗ ಕೂರಲು ಕುರ್ಚಿಯಿರಲಿಲ್ಲ. ಒಂದು ಕಡೆ ಕಾಯಂ ಕೆಲಸ, ಇನ್ನೊಂದು ಕಡೆ ಕಂಕುಳಲ್ಲಿ ನೀಲಿಯಾಗುತ್ತಿರುವ ಪ್ರೊಫೆಸರು. ಹೆದರಿಕೆ ಎರಡೂ ಕಡೆಯಿಂದ ಸಮವಾಗಿ ಒತ್ತಿದ್ದರಿಂದ ಮಾತು ನಡುವಿನಿಂದ ಚಿಮ್ಮಿತು.

“ಇವರಲ್ಲ! ಯಾರೂ ಅಲ್ಲ! ಆ ಚುಕ್ಕಿ ತಪ್ಪು!”

“ಯಾವ ಚುಕ್ಕಿ?” ಎಂದರು ಮೇಡಂ, ಪರದೆಯ ಮೇಲೆ ಇದ್ದದ್ದು ಒಂದೇ ಆಗಿದ್ದರೂ.

“ಅದೇ ಮೇಡಂ. ಫೈಲಲ್ಲಿ ಎರಡು ಅಣು ಇದೆ. ನನ್ನ ಪ್ರೋಗ್ರಾಂ ಎ ಯಾವುದು, ಬಿ ಯಾವುದು ಅಂತ ನೋಡಲೇ ಇಲ್ಲ. ಅದು ಪಕ್ಕದ ಅಣುವಿನ ಮಣಿ. ಬುಧವಾರವೇ ಗೊತ್ತಾಯ್ತು. ಹೇಳೋಕೆ ಹೆದರಿಕೆ ಆಯ್ತು. ಅದಕ್ಕೇ ಊಟ ಬಿಟ್ಟಿದ್ದು. ಮಾವ ಕಳ್ಳ ಅಂದ್ರು, ನಾನು ತಲೆ ಆಡಿಸಿದೆ. ಗುರುತು ಕೇಳಿದ್ರು, ನನಗೆ ಇವರ ಫೋಟೋ ಒಂದೇ ನೆನಪಿಗೆ ಬಂತು.”

ಮಾವ ಚೀಲವನ್ನು ಮೆಲ್ಲಗೆ ಹೆಗಲಿನಿಂದ ಇಳಿಸಿದರು. ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಅಂದ್ರೆ ಅಳಿಯಂದಿರೇ, ಬಸ್ಸಲ್ಲಿ ಪಕ್ಕಪಕ್ಕ ಕೂತೋರನ್ನ ಗಂಡ ಹೆಂಡತಿ ಅಂತ ಬರಕೊಂಡ್ರಾ?”

“ಹೌದು ಮಾವ.”

“ಥೂ,” ಎಂದರು ಮಾವ. ಜಿಮ್ ಮಾಸ್ತರ ಕೈ ತಾನಾಗಿ ಸಡಿಲವಾಯಿತು. ಅವರು ಪ್ರೊಫೆಸರ ಕನ್ನಡಕವನ್ನು ತಮ್ಮ ಅಂಗಿಯ ತುದಿಯಲ್ಲಿ ಒರೆಸಿ, ಮೂಗಿನ ಮೇಲೆ ಕೂರಿಸಿ, ಕತ್ತಿನ ನರ ನೋಯುತ್ತಿದ್ದರೆ ಜಿಮ್ಮಿಗೆ ಬಂದು ಸರಿ ಮಾಡಿಸಿಕೊಳ್ಳಬಹುದೆಂದು ಹೇಳಿ ಹಿಂದೆ ಸರಿದರು. ಓನರಮ್ಮ ಆಗಲೇ ಬಾಗಿಲ ಹೊರಗಿದ್ದರು.

ಪ್ರೊಫೆಸರು ಗುಂಡಿ ಕಿತ್ತುಹೋದ ಕೋಟನ್ನು ಎಳೆದುಕೊಂಡು ಖಾಲಿ ಕುರ್ಚಿಯಲ್ಲಿ ಕೂತರು. ನೀರು ಕುಡಿದರು.

“ಇದನ್ನೇ ನೀವೊಬ್ಬರೇ ಸಿಕ್ಕಾಗ ಕೇಳೋಣ ಅಂತ ಬೇಗ ಬಂದಿದ್ದೆ,” ಎಂದರು. ದನಿ ಇನ್ನೂ ಕಂಕುಳಲ್ಲಿ ಇದ್ದ ಹಾಗೆ ಕೇಳಿಸುತ್ತಿತ್ತು. “ಎಲ್ಲರ ಮುಂದೆ ಕೇಳಿದ್ರೆ ಮೇಡಂಗೆ ಮುಜುಗರ ಆಗುತ್ತೆ ಅಂತ. ಇರಲಿ. ನೀವಾಗೇ ಹೇಳಿದಿರಿ, ಒಳ್ಳೇದಾಯ್ತು.”

ಚುಕ್ಕಿರಾಯ ಗೋಡೆಗೆ ಒರಗಿದ. ಕೆಲಸ ಹೋಯಿತು. ಇನ್ನು ಹೆದರಲು ಏನೂ ಉಳಿದಿಲ್ಲ ಎಂದು ಅರಿವಾಗುತ್ತಿದ್ದ ಹಾಗೆ ಅವನ ಮೈಯೆಲ್ಲ ವಿಚಿತ್ರವಾಗಿ ಹಗುರವಾಯಿತು. ಹೊಟ್ಟೆ ಹಸಿಯತೊಡಗಿತು.

“ಒಂದೇ ಒಂದು ಪ್ರಶ್ನೆ,” ಎಂದರು ಪ್ರೊಫೆಸರು, ಪೆನ್ನಿನ ಮುಚ್ಚಳ ಹಾಕುತ್ತ. “ಈ ಪ್ರೋಗ್ರಾಮನ್ನ ಯಾವಾಗಿಂದ ಬಳಸ್ತಿದೀರಿ?”

“ನಾನು ಸೇರಿದಾಗಿಂದ ಸಾರ್.”

ಹೇಳಿದ ಮೇಲೆಯೇ ಅವನಿಗೆ ತಾನು ಹೇಳಿದ್ದೇನೆಂದು ತಿಳಿದದ್ದು. ಅವನು ದೊಡ್ಡ ಮೇಡಂ ಕಡೆ ನೋಡಿದ. ಅವರು ಪರದೆಯನ್ನು ನೋಡುತ್ತಿರಲಿಲ್ಲ, ಸಮಿತಿಯನ್ನೂ ನೋಡುತ್ತಿರಲಿಲ್ಲ. ಇವನನ್ನೇ ನೋಡುತ್ತಿದ್ದರು. ಅವನು ಸೇರಿದ ಮೇಲೆ ಅವರ ಹೆಸರಿನಲ್ಲಿ ಅಚ್ಚಾದ ಲೇಖನಗಳಲ್ಲಿ ಅವನ ನಕ್ಷೆಯಿಲ್ಲದ ಒಂದೂ ಇರಲಿಲ್ಲ. ಒಂದಕ್ಕೆ ಚಿನ್ನದ ಪದಕವೂ ಬಂದಿತ್ತು.

ಪ್ರೊಫೆಸರು ಅವರಿಬ್ಬರನ್ನೂ ನೋಡಿ, “ನಾನು ತಿಂಗಳು ಬಿಟ್ಟು ಬರ್ತೀನಿ,” ಎಂದಷ್ಟೇ ಹೇಳಿ ಎದ್ದರು.

ಸೋಮವಾರ ಚುಕ್ಕಿರಾಯ ತನ್ನ ಮೇಜಿನ ಸಾಮಾನು ತೆಗೆದುಕೊಂಡು ಹೋಗಲು ಬಂದ. ಮನೆಯಲ್ಲಿ ಮಾವ ಎರಡು ದಿನದಿಂದ ಅವನೊಡನೆ ಮಾತಾಡಿರಲಿಲ್ಲ. ಮದುವೆಯಾದ ಮೇಲೆ ಅವನು ಕಂಡ ಅತ್ಯಂತ ನೆಮ್ಮದಿಯ ಎರಡು ದಿನಗಳು ಅವು. ಅವನ ಕೋಣೆಯಲ್ಲಿ ದೊಡ್ಡ ಮೇಡಂ ಆಗಲೇ ಕೂತಿದ್ದರು. ಈ ಕೋಣೆಗೆ ಅವರು ಬಂದದ್ದನ್ನು ಅವನು ನೋಡಿದ್ದೇ ಇಲ್ಲ.

“ಬಾಗಿಲು ಹಾಕಿ,” ಎಂದರು.

ಹಾಕಿದ.

“ಇನ್ನೊಂದು ವರ್ಷಕ್ಕೆ ಮುಂದುವರಿಸಿದೀನಿ. ಬೇರೆಯವರನ್ನ ತಗೊಂಡ್ರೆ ಅವರಿಗೂ ಎಲ್ಲ ಹೇಳಬೇಕಾಗುತ್ತೆ.” ಅವರ ದನಿ ಸಣ್ಣಗಿತ್ತು. ಎಲ್ಲಿಯೋ ಕೇಳಿದ ದನಿ ಎನಿಸಿತು ಅವನಿಗೆ; ಆಮೇಲೆ ಹೊಳೆಯಿತು, ಅದು ತನ್ನದೇ ದನಿ. “ಹಳೇ ಫೈಲುಗಳನ್ನೆಲ್ಲ ತೆಗೀರಿ. ಒಂದೊಂದಾಗಿ. ತಪ್ಪಿದ್ರೆ ಪತ್ರಿಕೆಗಳಿಗೆ ನಾನೇ ತಿಳಿಸ್ತೀನಿ. ತಿಳಿಸ್ಲೇಬೇಕು. ಅಲ್ವೇನ್ರೀ?”

“ತಿಳಿಸ್ಲೇಬೇಕು ಮೇಡಂ.”

“ಪದಕ ಬಂದದ್ದು ಮೊದಲು.”

ಚುಕ್ಕಿರಾಯ ಫೈಲು ಹುಡುಕಿದ. ಕಂಪ್ಯೂಟರು ತನ್ನ ಪಾಡಿಗೆ ತಾನು ಗುಂಯ್‌ಗುಟ್ಟುತ್ತಿತ್ತು. ಪಕ್ಕದಲ್ಲಿ ಕುರ್ಚಿಯ ಕೈಯನ್ನು ಯಾರೋ ಗಟ್ಟಿಯಾಗಿ ಹಿಡಿದುಕೊಂಡ ಸದ್ದಾಯಿತು. ಅವನು ತಿರುಗಿ ನೋಡಿದ. ಮೂರನೇ ಮಹಡಿಯನ್ನೆಲ್ಲ ನಡುಗಿಸುತ್ತಿದ್ದ ದೊಡ್ಡ ಮೇಡಂ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.

“ನನ್ನಿಂದ ಆಗಲ್ಲ ಕಣ್ರೀ,” ಎಂದರು. “ನೀವೇ ನೋಡಿ ಹೇಳಿ.”

ಚುಕ್ಕಿರಾಯನಿಗೇನೂ ಭಯ ಕಡಿಮೆ ಇರಲಿಲ್ಲ. ಆದರೂ ಆ ಕೋಣೆಯಲ್ಲಿ ಕಣ್ಣು ತೆರೆದುಕೊಂಡಿದ್ದವನು ಅವನೊಬ್ಬನೇ. ಅವನು ಫೈಲು ತೆರೆದ.